ಅಪ್ಪಣೆಯಿಲ್ಲದೆ ಮೊಳಗಿದ ಗಂಟೆ

ದೇಶದ ಸಂಸತ್ತನ್ನು ನಡೆಸುವವರು ಯಾರು ಎಂದು ಕೇಳಿದರೆ ತಲೆಗೊಂದು ಉತ್ತರ ಬರುತ್ತದೆ. ಸಭಾಧ್ಯಕ್ಷರು ಎನ್ನುವವರುಂಟು, ಮಂತ್ರಿಗಳು ಎನ್ನುವವರುಂಟು, ಮತ ಹಾಕಿದ ನಾವೇ ಎಂದು ಎದೆ ತಟ್ಟಿಕೊಳ್ಳುವ ಮುಗ್ಧರೂ ಉಂಟು. ಸಂಸತ್ ಭವನದ ಹಿಂಭಾಗದಲ್ಲಿ, ಪೊರಕೆ ಇಡುವ ಕೋಣೆಗೂ ಕಾಲು ಮುರಿದ ಕುರ್ಚಿಗಳ ಉಗ್ರಾಣಕ್ಕೂ ನಡುವಿನ ಕಿರುಕೋಣೆಯಲ್ಲಿ ಕೂರುತ್ತಿದ್ದ ಗಂಟೆ ಸಾಹೇಬರಿಗೆ ಮಾತ್ರ ಈ ವಿಷಯದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ನಡೆಸುವವರು ಅವರು.

'ಸಾಹೇಬರು' ಎಂಬುದು ಅವರೇ ಅಂಟಿಸಿಕೊಂಡ ಬಾಲ. ಭವನದ ಉಳಿದವರಿಗೆಲ್ಲ ಅವರು ಬರೀ 'ಗಂಟೆ'. "ಗಂಟೆ ಬಂದನಾ?", "ಗಂಟೆ ಊಟಕ್ಕೆ ಹೋಗಿದ್ದಾನೆ" ಎಂದೇ ಮಾತು. ಕಡತದಲ್ಲಿ ಅವರ ಹುದ್ದೆಯ ಹೆಸರು 'ಧ್ವನಿಸಂಕೇತ ನಿರ್ವಾಹಕ, ಎರಡನೇ ದರ್ಜೆ'. ಒಂದನೇ ದರ್ಜೆಯವನೆಂಬ ಪ್ರಾಣಿ ಆ ಭವನದಲ್ಲಿ ಎಂದೂ ಇರಲಿಲ್ಲ. ಆದರೂ ಎರಡನೆಯವನು ಎರಡನೆಯವನೇ.

ಕೆಲಸ ಇಷ್ಟು. ಸದನದಲ್ಲಿ ಯಾವುದಾದರೂ ಪ್ರಸ್ತಾವವನ್ನು ಮತಕ್ಕೆ ಹಾಕುತ್ತೇನೆಂದು ಸಭಾಧ್ಯಕ್ಷರು ಹೇಳಿದೊಡನೆ ಅವರ ಪಕ್ಕದ ಮಾರ್ಷಲ್ ಒಂದು ಸ್ವಿಚ್ ಹಾಕುತ್ತಾನೆ. ಗಂಟೆ ಸಾಹೇಬರ ಮೇಜಿನ ಮೇಲೆ ಕೆಂಪು ದೀಪ ಹತ್ತುತ್ತದೆ. ಸಾಹೇಬರು ದೊಡ್ಡ ಗುಂಡಿ ಒತ್ತುತ್ತಾರೆ. ಕೂಡಲೇ ಭವನದ ಮೂಲೆಮೂಲೆಯಲ್ಲಿ ಗಂಟೆ ಮೊಳಗುತ್ತದೆ: ಕ್ಯಾಂಟೀನಿನಲ್ಲಿ, ಕ್ಷೌರದ ಕೋಣೆಯಲ್ಲಿ, ಶೌಚಾಲಯದಲ್ಲಿ, ಯಾರೂ ಕಾಲಿಡದ ಗ್ರಂಥಾಲಯದಲ್ಲೂ. ಮಾನ್ಯ ಸದಸ್ಯರು ಇದ್ದಬದ್ದದ್ದನ್ನು ಬಿಟ್ಟು ಓಡಿಬರುತ್ತಾರೆ. ಬಾಗಿಲು ಮುಚ್ಚುತ್ತದೆ, ಮತ ಬೀಳುತ್ತದೆ, ದೇಶ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಕನಿಷ್ಠ ಹೋಯಿತೆಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ.

"ಮಾರ್ಷಲ್ ಒತ್ತೋದು ಬರೀ ದೀಪ ಕಣೇ. ನಾನು ಒತ್ತೋದು ದೇಶ" ಎಂದು ಸಾಹೇಬರು ಹೆಂಡತಿಗೆ ಆಗಾಗ ಹೇಳುತ್ತಿದ್ದರು.

ಹೆಂಡತಿ ಇದನ್ನು ನಂಬಿದ್ದಳೋ ಇಲ್ಲವೋ, ಕ್ವಾರ್ಟರ್ಸಿನ ಎರಡು ಕೋಣೆ ಮತ್ತು ಸದಾ ನೀರು ಬರುವ ನಲ್ಲಿಯನ್ನು ಗಟ್ಟಿಯಾಗಿ ನಂಬಿದ್ದಳು. ಕೆಲಸವಿದ್ದಷ್ಟು ಕಾಲ ಮನೆ. ಇವರ ಹಿಂದಿನ ಗಂಟೆಯವನು ಒಂದು ಮಧ್ಯಾಹ್ನ ತೂಕಡಿಸಿ ಗುಂಡಿಯ ಮೇಲೆ ತಲೆಯಿಟ್ಟು, ಅಪ್ಪಣೆಯಿಲ್ಲದೆ ಗಂಟೆ ಬಾರಿಸಿ, ಕೆಲಸವನ್ನೂ ಮನೆಯನ್ನೂ ಒಟ್ಟಿಗೆ ಕಳೆದುಕೊಂಡಿದ್ದ. ಅವನ ಮಂಚ, ಪಾತ್ರೆ, ಹಾಸಿಗೆ ಬೀದಿಯಲ್ಲಿ ಕೂತಿದ್ದನ್ನು ಇವರಿಬ್ಬರೂ ಕಣ್ಣಾರೆ ನೋಡಿದ್ದರು. ನೋಡಿದ ಮೇಲೇ ಒಳಗೆ ತಮ್ಮ ಮಂಚ ಇಟ್ಟಿದ್ದರು.

ಎಲ್ಲ ಸರಿಯಾಗಿತ್ತು, ಭಾವಮೈದನೊಬ್ಬನನ್ನು ಬಿಟ್ಟರೆ.

ಭಾವಮೈದ ಎಂದರೆ ಹೆಂಡತಿಯ ತಮ್ಮ. ಬೇರೆ ಊರಿನಲ್ಲಿ ನಲ್ಲಿ, ಪೈಪು, ಕಮೋಡುಗಳ ದೊಡ್ಡ ಅಂಗಡಿ. ಮನುಷ್ಯನೂ ದೊಡ್ಡ, ದನಿಯೂ ದೊಡ್ಡ. ಅಂಗಡಿಗೆ ಮಾಲು ಕೊಳ್ಳಲು ಬಂದಾಗಲೆಲ್ಲ ಅಕ್ಕನ ಮನೆಯಲ್ಲಿ ಇಳಿದುಕೊಂಡು, ಭಾವನನ್ನು ಕೆಣಕಿ, ಹೊಟ್ಟೆ ತುಂಬ ಉಂಡು ಹೋಗುವುದು ಅವನ ಪದ್ಧತಿ. ಈ ಸಲವೂ ತಟ್ಟೆಯ ಮುಂದೆ ಕೂತವನೇ ಶುರುಮಾಡಿದ.

"ಭಾವ, ಹೆಂಗಿದೆ ಗಂಟೆ?"

"ಹೆಂಗಿರತ್ತೆ? ನಡೀತಾ ಇದೆ."

"ಅಲ್ಲ, ಈಗ್ಲೂ ಒಂದೇ ಬೆರಳಲ್ಲೇ ಒತ್ತೋದೋ, ಬಡ್ತಿ ಸಿಕ್ಕಿ ಎರಡು ಬೆರಳಾಯ್ತೋ?"

ಹೆಂಡತಿ ಸೌಟನ್ನು ಪಾತ್ರೆಗೆ ಕುಟ್ಟಿದಳು. "ಲೋ, ಸುಮ್ನೆ ಉಣ್ಣು."

"ತಪ್ಪೇನಂದೆ ಅಕ್ಕ? ನಮ್ಮಂಗಡೀಲಿ ಕಮೋಡಿನ ಗುಂಡಿ ಒತ್ತಿದ್ರೂ ಏನಾದ್ರೂ ಒಂದು ಹೋಗತ್ತೆ. ಭಾವ ಒತ್ತಿದ್ರೆ ಏನು ಹೋಗತ್ತೆ? ಅದನ್ನೇ ಕೇಳ್ದೆ."

ಗಂಟೆ ಸಾಹೇಬರ ಕಿವಿ ಕೆಂಪಾಯಿತು. "ನಾನು ಒತ್ತಿದ್ರೆ ಮಂತ್ರಿಗಳು ಓಡ್ತಾರೆ ಕಣಯ್ಯ! ಗಡ್ಡಕ್ಕೆ ಸೋಪು ಹಚ್ಕೊಂಡಿರೋನು ಸೋಪಲ್ಲೇ ಓಡ್ತಾನೆ!"

"ಓಡ್ಸಿ ನೋಡೋಣ."

"ನಾಳೆ ಬಾ. ಕಣ್ಣಾರೆ ನೋಡು."

ಹೇಳಿದ ಮೇಲೆ ಸಾಹೇಬರಿಗೆ ಹೊಳೆಯಿತು, ನಾಳೆ ಸದನದಲ್ಲಿ ಮತಕ್ಕೆ ಹಾಕುವ ವಿಷಯವೇ ಇಲ್ಲ. ಆಡಿದ ಮಾತು ತಟ್ಟೆಯ ಪಕ್ಕದಲ್ಲೇ ಬಿದ್ದಿತ್ತು. ಎತ್ತಿಕೊಳ್ಳುವ ಹಾಗಿರಲಿಲ್ಲ.

ಭಾವಮೈದನ ಕಣ್ಣಿಗೆ ಕೋಣೆಯಾದರೂ ಚೆನ್ನಾಗಿ ಕಾಣಲಿ ಎಂದು ಅವರು ಒಂದು ಉಪಾಯ ಮಾಡಿದರು. ದೊಡ್ಡ ಗುಂಡಿಯ ಕೆಳಗೆ ಒಂದು ಹಿಡಿ ಇದೆ. ಅದನ್ನು 'ಸದನ' ಎಂಬ ಹಿತ್ತಾಳೆ ಫಲಕದ ಕಡೆ ತಿರುಗಿಸಿದರೆ ಗಂಟೆ ಇಡೀ ಭವನಕ್ಕೆ ಕೇಳುತ್ತದೆ. 'ಪರೀಕ್ಷೆ' ಎಂಬ ಫಲಕದ ಕಡೆ ತಿರುಗಿಸಿದರೆ ಸಾಹೇಬರ ಕೋಣೆಯ ಪುಟ್ಟ ಗಂಟೆಯೊಂದೇ ಟಿಣ್ ಎನ್ನುತ್ತದೆ. ಈ ಎರಡು ಫಲಕಗಳನ್ನು ಅಂದೇ ಊಟವಾದ ಮೇಲೆ ಭವನಕ್ಕೆ ಹೋಗಿ ಬಿಚ್ಚಿ ತಂದು ಹೆಂಡತಿಯ ಮುಂದಿಟ್ಟು, "ಸ್ವಲ್ಪ ತಿಕ್ಕಿಕೊಡೇ" ಎಂದರು.

"ಎಷ್ಟು ಕಿಲುಬು ರೀ! ದೇಶ ಇದರಲ್ಲಿ ನಡೀತಿದ್ಯಾ?" ಎಂದು ಅವಳು ಬೂದಿ ಹಾಕಿ, ತಮ್ಮನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಉಜ್ಜಿದಳು. ಬೆಳಗ್ಗೆ ಎರಡು ಫಲಕಗಳೂ ಕನ್ನಡಿಯಂತೆ ಹೊಳೆಯುತ್ತ ಊಟದ ಡಬ್ಬಿಯ ಮುಚ್ಚಳದಲ್ಲಿ ಕೂತವು.

ಸಾಹೇಬರು ಬೆಳಗಿನ ಪರೀಕ್ಷೆಯನ್ನು ಫಲಕವಿಲ್ಲದೆ, ಕೈಯ ರೂಢಿಯ ಮೇಲೆ ಮುಗಿಸಿದರು. ಪುಟ್ಟ ಗಂಟೆ ಟಿಣ್ ಎಂದಿತು. ಆಮೇಲೆ ಮೊಳೆ ತಿರುಪಿ ಫಲಕ ಕೂರಿಸಿದರು. ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು, ಕರವಸ್ತ್ರದಿಂದ ಮತ್ತೊಮ್ಮೆ ಒರೆಸಿದರು. ಎರಡೂ ಲಕಲಕ ಹೊಳೆಯುತ್ತಿದ್ದವು. ಇದು ಅಲ್ಲಿರಬೇಕು, ಅದು ಇಲ್ಲಿರಬೇಕು ಎಂಬ ಸಣ್ಣ ವಿಷಯವೊಂದನ್ನು ಮಾತ್ರ ಅವರು ನೋಡಲಿಲ್ಲ.

ಮಧ್ಯಾಹ್ನ ಭಾವಮೈದ ಬಂದ. ಬರುವ ದಾರಿಯಲ್ಲೇ ಅವನಿಗೆ ಭವನದ ದರ್ಶನವಾಗಿತ್ತು. ಸದಸ್ಯರ ಲೋಟಗಳಿಗೆ ನೀರು ತುಂಬುವವನೊಬ್ಬ, ಅವರು ಕುಡಿಯದ ನೀರನ್ನು ಚೆಲ್ಲುವವನು ಇನ್ನೊಬ್ಬ. ಒಬ್ಬ ದರ್ಜಿ, ಆಸನಗಳ ದಿಂಬಿನ ಮೇಲೆ ಮಾನ್ಯರ ಜೊಲ್ಲಿನ ಕಲೆ ನೋಡಿ ಬಟ್ಟೆ ಬದಲಿಸುವವನು. ಸದನದಲ್ಲಿ ಆಡಿದ ಕೆಟ್ಟ ಮಾತುಗಳನ್ನು ಕಡತದಿಂದ ತೆಗೆಯುವುದಕ್ಕೆಂದೇ ಒಂದು ವಿಭಾಗ, ಅಲ್ಲಿನವರು ಊಟದ ಹೊತ್ತಿನಲ್ಲಿ ಆಡುವುದು ಅದೇ ಮಾತುಗಳನ್ನು. ಸಾಹುಕಾರ ಮನುಷ್ಯ ಲೆಕ್ಕ ಹಾಕಿ ದಂಗಾಗಿದ್ದ.

"ಭಾವ, ಮೇಲೆ ಗ್ಯಾಲರಿಲೂ ಕೂತಿದ್ದೆ ಸ್ವಲ್ಪ ಹೊತ್ತು. ಒಬ್ಬ ಅಜ್ಜ ಅಂಚೆಪೆಟ್ಟಿಗೆಗೆ ಯಾವ ಬಣ್ಣ ಹೊಡೀಬೇಕು ಅಂತ ಮಾತಾಡ್ತಿದ್ದಾನೆ. ಕೇಳೋರು ಬೆರಳೆಣಿಕೆ, ಅವರೂ ನಿದ್ದೇಲಿ. ಆ ಎತ್ತರದ ಕುರ್ಚೀಲಿ ಕೂತೋರಂತೂ ಗೊರಕೆ!"

"ಅವರು ಸಭಾಧ್ಯಕ್ಷರು. ಗೊರಕೆ ಅಲ್ಲ ಅದು, ಗಮನ."

"ಇದೇನಾ ನಿಮ್ಮ ಗುಂಡಿ?" ಭಾವಮೈದ ಮೇಜಿನ ಸುತ್ತ ಒಂದು ಸುತ್ತು ಬಂದ. "ಒತ್ತಿ ನೋಡೋಣ."

"ಕೆಂಪು ದೀಪ ಹತ್ತದೆ ಒತ್ತೋ ಹಾಗಿಲ್ಲ ಕಣಯ್ಯ. ಕೆಲಸ ಹೋಗತ್ತೆ."

"ಹಂಗಾದ್ರೆ ಒತ್ತೋದು ನೀವಲ್ಲ, ದೀಪ. ನೀವು ಬರೀ ಬೆರಳು."

ಸಾಹೇಬರಿಗೆ ಮೈ ಉರಿಯಿತು. "ಪರೀಕ್ಷೆಗೆ ಹಾಕಿ ತೋರಿಸ್ತೀನಿ, ನೋಡು. ಆಗ ಈ ಕೋಣೇಲಿ ಮಾತ್ರ ಕೇಳತ್ತೆ."

ಅವರ ಕೈ ಎಷ್ಟೋ ವರ್ಷಗಳ ರೂಢಿಯಂತೆ ಎಡಕ್ಕೆ ಹೋಯಿತು. ಹೊಳೆಯುವ ಫಲಕ ಬಲಕ್ಕೆ ಎಂದಿತು. ಕೈ ತಡವರಿಸಿತು. ಒಬ್ಬ ಸರಕಾರಿ ನೌಕರ ಇಂಥ ಹೊತ್ತಿನಲ್ಲಿ ಕೈಯನ್ನು ನಂಬುವುದಿಲ್ಲ, ಫಲಕವನ್ನು ನಂಬುತ್ತಾನೆ. ಸಾಹೇಬರು ಹಿಡಿಯನ್ನು ಬಲಕ್ಕೆ ತಿರುಗಿಸಿ, ಬೆನ್ನು ನೆಟ್ಟಗೆ ಮಾಡಿ, ತೋರುಬೆರಳನ್ನು ಗಾಳಿಯಲ್ಲಿ ಒಮ್ಮೆ ನಿಲ್ಲಿಸಿ, ಒತ್ತಿದರು.

ಏನೂ ಆಗಲಿಲ್ಲ.

"ಟಿಣ್ ಅನ್ನತ್ತೆ ಅಂದ್ರಿ?"

"ಅನ್ನತ್ತೆ. ತಡಿ." ಜೋರಾಗಿ ಒತ್ತಿದರು. ಹೆಬ್ಬೆರಳಿನಿಂದ ಒತ್ತಿದರು. ಕೊನೆಗೆ ಎದ್ದು ನಿಂತು ಅಂಗೈಯಿಟ್ಟು ಮೈಭಾರವೆಲ್ಲ ಬಿಟ್ಟರು.

ಇಲ್ಲೊಂದು ವಿಷಯ ಹೇಳಬೇಕು. ಗಂಟೆ ಒತ್ತುವವನ ಕಿವಿ ಕೆಡಬಾರದೆಂದು ಹಿಂದೆ ಯಾವನೋ ಪುಣ್ಯಾತ್ಮ ಎಂಜಿನಿಯರ್ ಆ ಕೋಣೆಯ ಗೋಡೆಗೆಲ್ಲ ಸದ್ದು ನುಂಗುವ ದಪ್ಪನೆಯ ಬಿರಡೆ ಹಲಗೆ ಹೊಡೆಸಿ, ಗಾಳಿಯೂ ನುಸುಳದ ಬಾಗಿಲು ಕೂರಿಸಿದ್ದ. ಇಡೀ ಭವನದಲ್ಲಿ ಗಂಟೆ ಕೇಳದ ಒಂದೇ ಜಾಗ ಗಂಟೆಯವನ ಕೋಣೆ.

"ಭಾವ," ಎಂದ ಭಾವಮೈದ, ಬಾಗಿಲಿನ ಪುಟ್ಟ ಗಾಜಿಗೆ ಮೂಗು ಒತ್ತಿ. "ಹೊರಗೆ ಯಾರೋ ಓಡ್ತಿದ್ದಾರೆ."

"ಊಟದ ಹೊತ್ತು." ಸಾಹೇಬರು ಅಂಗೈ ತೆಗೆಯಲಿಲ್ಲ.

"ಕುತ್ತಿಗೆಗೆ ಬಟ್ಟೆ ಸಿಕ್ಕಿಸ್ಕೊಂಡು ಬಾಯಲ್ಲಿ ತುತ್ತಿಟ್ಕೊಂಡು ಓಡ್ತಿದ್ದಾರೆ. ಊಟಕ್ಕೆ ಹೋಗ್ತಿಲ್ಲ, ಊಟದಿಂದ ಬರ್ತಿದ್ದಾರೆ. ಅಯ್ಯಯ್ಯೋ, ಒಬ್ಬ ಬರಿಗಾಲಲ್ಲಿ! ಇನ್ನೊಬ್ಬನಿಗೆ ಅರ್ಧ ಗಡ್ಡ ಇದೆ, ಅರ್ಧ ಸೋಪಿದೆ!"

ಸೋಪು ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಹೇಬರ ಅಂಗೈ ಗುಂಡಿಯಿಂದ ಹಾರಿತು. ಫಲಕ ನೋಡಿದರು. ಹಿಡಿ ನೋಡಿದರು. ತಮ್ಮ ಎಡಗೈ ನೋಡಿದರು. ಮೂರೂ ಸೇರಿ ಅವರಿಗೆ ವಿಷಯ ತಿಳಿಸಿದವು. ಬಾಗಿಲು ತೆಗೆದು, ಭಾವಮೈದನ ತೋಳು ಹಿಡಿದು, ಮೆಟ್ಟಿಲು ಹತ್ತಿ ಗ್ಯಾಲರಿಗೆ ಓಡಿದರು, ಮತ ಬೀಳದಂತೆ ಯಾರಾದರೂ ತಡೆಯುತ್ತಾರೇನೋ ಎಂಬ ಆಸೆಯಿಂದ.

ತಡೆಯುವವರು ಯಾರೂ ಇರಲಿಲ್ಲ. ಎಲ್ಲರೂ ಒಳಗಿದ್ದರು.

ಸಭಾಧ್ಯಕ್ಷರು ಗಂಟೆಯ ಸದ್ದಿಗೆ ಎಚ್ಚೆತ್ತಿದ್ದರು. ಗಂಟೆ ಮೊಳಗಿದೆ ಎಂದರೆ ಮತಕ್ಕೆ ಹಾಕುತ್ತೇನೆಂದು ತಾವೇ ಹೇಳಿರಬೇಕು. ಹೇಳಿದ ನೆನಪಿಲ್ಲ ಎಂದರೆ ಮಲಗಿದ್ದೆ ಎಂದು ಒಪ್ಪಿದಂತಾಗುತ್ತದೆ. ಅವರು ಮಾರ್ಷಲ್ ಕಡೆ ನೋಡಿದರು. ಮಾರ್ಷಲ್ ಆಗಷ್ಟೇ ಹೊರಗೆ ಫೋನಿನಲ್ಲಿ ಹರಟಿ ಒಳಗೆ ಬಂದಿದ್ದವನು, ಗಂಭೀರವಾಗಿ ತಲೆಯಾಡಿಸಿದ. ಅಂಚೆಪೆಟ್ಟಿಗೆಯ ಅಜ್ಜ ಬಾಯಿ ತೆರೆದು ನಿಂತಿದ್ದ. ಅವನು ಪ್ರಸ್ತಾವವನ್ನೇ ತಂದಿರಲಿಲ್ಲ. ಬರೀ ಸದನದ ಗಮನ ಸೆಳೆಯುತ್ತಿದ್ದ, ಅದೂ ಯಾರ ಗಮನವನ್ನೂ ಸೆಳೆದಿರಲಿಲ್ಲ.

ಆಳುವ ಪಕ್ಷದ ಮುಖ್ಯ ಸಚೇತಕ ಏದುಸಿರು ಬಿಡುತ್ತ ಬಂದ. ಯಾವುದಕ್ಕೆ ಹೇಗೆ ಮತ ಹಾಕಬೇಕೆಂದು ತನ್ನವರಿಗೆ ಹೇಳುವುದೇ ಅವನ ಕೆಲಸ. ತನಗೇ ಗೊತ್ತಿಲ್ಲ ಎಂದರೆ ಆ ಕೆಲಸಕ್ಕೆ ಅರ್ಥವೇನು? ಅವನು ತನ್ನವರ ಕಡೆ ಹೆಬ್ಬೆರಳು ಮೇಲೆತ್ತಿದ. ಅದನ್ನು ಕಂಡ ವಿರೋಧ ಪಕ್ಷದ ಸಚೇತಕ ಯೋಚನೆಯನ್ನೇ ಮಾಡದೆ ಹೆಬ್ಬೆರಳು ಕೆಳಗಿಳಿಸಿದ. ಪ್ರಜಾಪ್ರಭುತ್ವಕ್ಕೆ ಇನ್ನೇನು ಬೇಕು?

"ಸದನದ ಮುಂದಿರುವ ಪ್ರಸ್ತಾವದ ಪರವಾಗಿರುವವರು ಎದ್ದು ನಿಲ್ಲಿ" ಎಂದರು ಸಭಾಧ್ಯಕ್ಷರು.

ಸೋಪಿನ ಗಡ್ಡದವರು ಎದ್ದು ನಿಂತರು. ಬರಿಗಾಲಿನವರು ನಿಂತರು. ಬಾಯಲ್ಲಿದ್ದ ತುತ್ತನ್ನು ನುಂಗಿ ಉಳಿದವರೂ ನಿಂತರು.

"ಪ್ರಸ್ತಾವ ಅಂಗೀಕಾರವಾಗಿದೆ."

ಮೇಜು ಕುಟ್ಟಿದ ಸದ್ದಿಗೆ ಛಾವಣಿ ನಡುಗಿತು. ವಿರೋಧ ಪಕ್ಷದವರು "ಕರಾಳ ದಿನ! ಕರಾಳ ದಿನ!" ಎಂದು ಕೂಗುತ್ತ ಸಭಾತ್ಯಾಗ ಮಾಡಿ, ನೇರವಾಗಿ ಕ್ಯಾಂಟೀನಿಗೆ, ಬಿಟ್ಟುಬಂದ ತಟ್ಟೆಗಳ ಬಳಿಗೆ ನಡೆದರು. ಅಜ್ಜ ತನ್ನ ಬಣ್ಣವೇ ಗೆದ್ದಿತೆಂದು ಆನಂದಬಾಷ್ಪ ಸುರಿಸಿದ.

ಗ್ಯಾಲರಿಯಲ್ಲಿ ಸಾಹೇಬರ ಬೆನ್ನಿಗೆ ಒಂದು ಗುದ್ದು ಬಿತ್ತು. ಭಾವಮೈದನ ಕಣ್ಣು ತುಂಬಿತ್ತು. "ಭಾವ! ನನಗೋಸ್ಕರ ಸರ್ಕಾರನೇ ಓಡಿಸಿಬಿಟ್ರಲ್ಲ ಭಾವ! ನಾನು ಪಾಪಿ, ಏನೇನೋ ಅಂದ್ಬಿಟ್ಟೆ. ಒಂದು ಅಂಗೈ! ಬರೀ ಒಂದು ಅಂಗೈ!"

ಮದುವೆಯಾದ ಲಾಗಾಯ್ತು ಕಾದಿದ್ದ ಮಾತು. ಅದು ಬಂದ ದಿನ ಸಾಹೇಬರಿಗೆ ಬೇಕಾಗಿದ್ದದ್ದು ಒಂದೇ: ಈ ಬಾಯಿ ಮುಚ್ಚಿಸುವುದು. "ಮೆಲ್ಲಗೆ ಮಾತಾಡೋ! ಮನೆ ಹೋಗತ್ತೆ!"

"ಯಾರ್ ಮನೆ?"

"ನಿನ್ನ ಅಕ್ಕನ ಮನೆ!"

ಮೆಟ್ಟಿಲಿಳಿದರೆ ಸದನದ ವರದಿಗಾರ್ತಿ ಅಡ್ಡ ನಿಂತಿದ್ದಳು. ಅಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುವ ಹೆಂಗಸು. ಭವನದಲ್ಲಿ ಎಚ್ಚರವಾಗಿರಲು ಸಂಬಳ ಪಡೆಯುತ್ತಿದ್ದವಳು ಅವಳೊಬ್ಬಳೇ.

"ರೀ ಗಂಟೆ, ಏನು ಪಾಸಾಯ್ತು ಹೇಳ್ರಿ. ಬರ್ಕೋಬೇಕು."

"ನನಗೇನು ಗೊತ್ತಮ್ಮ?"

"ಮತ್ತೆ ಗಂಟೆ ಹೊಡ್ದಿದ್ದು ನೀವಲ್ವಾ? ಮಂತ್ರಿಗಳನ್ನ ಕೇಳಿದ್ರೆ ಸಚೇತಕರನ್ನ ಕೇಳು ಅಂತಾರೆ. ಸಚೇತಕರು ಕಾರ್ಯದರ್ಶಿನ ಕೇಳು ಅಂತಾರೆ. ಕಾರ್ಯದರ್ಶಿ, ಇಷ್ಟು ಮುಖ್ಯವಾದ ವಿಷಯ ನಿನಗೆ ಗೊತ್ತಿಲ್ವಾ ಅಂತ ಗದರ್ತಾರೆ!"

ಸಾಹೇಬರು ಮುಂದೆ ನಿಲ್ಲಲಿಲ್ಲ. ಹಿಂದಿನ ಗಂಟೆಯವನ ಮಂಚ ಬೀದಿಯಲ್ಲಿ ಕೂತಿದ್ದ ಚಿತ್ರ ಕಣ್ಣಿಗೆ ಕಟ್ಟಿತ್ತು. ಬೇರೆ ಯಾರಾದರೂ ಹೇಳುವ ಮೊದಲು ತಾವೇ ಒಪ್ಪಿಕೊಂಡು ಕಾಲು ಹಿಡಿದರೆ ಮನೆಯಾದರೂ ಉಳಿದೀತು ಎಂದು ಮಾರ್ಷಲ್ ಬಳಿಗೆ ಓಡಿದರು. ಮಾರ್ಷಲ್ ಕ್ವಾರ್ಟರ್ಸಿನಲ್ಲಿ ಇವರ ಎದುರು ಮನೆಯವನೇ.

"ಸಾರ್, ತಪ್ಪಾಯ್ತು. ನಾನೇ ಒತ್ತಿಬಿಟ್ಟೆ."

"ಒತ್ತೋದು ನಿನ್ನ ಕೆಲಸ. ತಪ್ಪೇನು?"

"ದೀಪ ಹತ್ತಿರಲಿಲ್ಲ ಸಾರ್."

ಮಾರ್ಷಲ್ ಮೀಸೆ ನೇವರಿಸಿದ. "ಹತ್ತಿತ್ತು. ನಾನೇ ಹಾಕಿದ್ದೆ. ಸಭಾಧ್ಯಕ್ಷರ ಮುಂದೇನೇ ಹೇಳಿದ್ದೀನಿ."

"ಇಲ್ಲ ಸಾರ್, ನಾನು ನೋಡ್ಲೇ ಇಲ್ಲ..."

"ನೀನು ನೋಡಿಲ್ಲ. ಅದು ಹತ್ತಿತ್ತು."

"ನೋಡದೇ ನಾನು ಹೇಗೆ ಸಾರ್ ಒತ್ತಿದೆ?"

"ಅದಕ್ಕೇ ಅನುಭವ ಅನ್ನೋದು. ಹೋಗು."

ಸಾಹೇಬರು ಕಾರ್ಯದರ್ಶಿಯ ಕೋಣೆಗೆ ಹೋದರು. ಕಾರ್ಯದರ್ಶಿ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ. ಸಾವಧಾನವಾಗಿ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿದ.

"ನಿನ್ನ ಮಾತಿನ ಅರ್ಥ ಏನು? ಸಭಾಧ್ಯಕ್ಷರು ಮಲಗಿದ್ರು ಅಂತಲಾ?"

"ಅಯ್ಯೋ, ಇಲ್ಲ ಸ್ವಾಮಿ."

"ಮಾನ್ಯ ಸದಸ್ಯರು ಏನು ಅಂತ ತಿಳಿಯದೇ ಮತ ಹಾಕಿದ್ರು ಅಂತಲಾ?"

"ಶಿವಶಿವಾ, ಇಲ್ಲ ಸ್ವಾಮಿ."

"ಮತ್ತೆ ನಿನ್ನ ತಪ್ಪು ಎಲ್ಲಿದೆ?"

"ಹಿಂದಿನವನನ್ನ ಇದಕ್ಕೇ ಕೆಲಸದಿಂದ ತೆಗೆದ್ರಲ್ಲ ಸ್ವಾಮಿ..."

"ಅವತ್ತು ಸದನಕ್ಕೆ ರಜ ಇತ್ತು. ಗಂಟೆ ಹೊಡೀತು, ಯಾರೂ ಬರಲಿಲ್ಲ, ಯಾರೂ ಮತ ಹಾಕಲಿಲ್ಲ. ಆದ್ದರಿಂದ ತಪ್ಪು. ಇವತ್ತು ಎಲ್ಲರೂ ಹಾಕಿದ್ದಾರೆ." ಕಾರ್ಯದರ್ಶಿ ಕನ್ನಡಕ ಏರಿಸಿದ. "ಇದನ್ನ ಇನ್ನೊಬ್ಬರ ಹತ್ರ ಹೇಳಿದೆ ಅಂತ ಗೊತ್ತಾದ್ರೆ ಮಾತ್ರ ನಿನ್ನ ಮನೆ ಸಾಮಾನು ಬೀದೀಲಿರತ್ತೆ."

ಸಾಹೇಬರಿಗೆ ಹೋದ ಜೀವ ಬಂತು. ಬಂದ ಜೀವ ಮರುಕ್ಷಣವೇ ಮತ್ತೆ ಹೋಯಿತು. ಭಾವಮೈದ ಸಂಜೆಯ ರೈಲಿಗೆ ಊರಿಗೆ ಹೊರಟಿದ್ದ, ಬಾಯಿಯನ್ನೂ ಜೊತೆಗೆ ತೆಗೆದುಕೊಂಡು.

ಆ ಸಂಜೆ ಟಿವಿಯಲ್ಲಿ ಹಿರಿಯ ಮಂತ್ರಿಯೊಬ್ಬರು ಇದು ಐತಿಹಾಸಿಕ ಎಂದರು. ಇದರ ಪ್ರಯೋಜನ ಹಂತಹಂತವಾಗಿ ಬಡವರನ್ನು ಮುಟ್ಟಲಿದೆ ಎಂದರು. ಯಾವುದರ ಪ್ರಯೋಜನ ಎಂದು ಟಿವಿಯವಳು ಕೇಳಲಿಲ್ಲ, ಕೇಳಿದರೆ ತನಗೆ ಗೊತ್ತಿಲ್ಲ ಎಂದಾಗುತ್ತಿತ್ತು. ವಿರೋಧ ಪಕ್ಷದ ನಾಯಕರು, ನಾವು ಅಧಿಕಾರಕ್ಕೆ ಬಂದ ಮರುದಿನವೇ ಇದನ್ನು ರದ್ದು ಮಾಡುತ್ತೇವೆ ಎಂದು ಗುಡುಗಿದರು. ಅರ್ಥಶಾಸ್ತ್ರದ ಪಂಡಿತರೊಬ್ಬರು ಇದನ್ನು ಇನ್ನೂ ಮೊದಲೇ ತರಬೇಕಿತ್ತು ಎಂದು ವಿಷಾದಿಸಿದರು. ಕ್ವಾರ್ಟರ್ಸಿನ ನೆರೆಯವರು ಮೆಟ್ಟಿಲ ಮೇಲೆ ನಿಂತು ಇದರಿಂದ ಮನೆ ಬಾಡಿಗೆ ಏರುವುದೋ ಇಳಿಯುವುದೋ ಎಂದು ಜಗಳವಾಡಿದರು.

"ರೀ, ಏನು ಪಾಸಾಗಿದ್ದು?" ಎಂದಳು ಹೆಂಡತಿ.

"ನೀನು ತಿಕ್ಕಿಕೊಟ್ಟಿದ್ದು ಕಣೇ" ಎಂದರು ಸಾಹೇಬರು, ಹಣೆ ಹಿಡಿದುಕೊಂಡು.

ಊರಿನಲ್ಲಿ ಭಾವಮೈದ ಸುಮ್ಮನಿರಲಿಲ್ಲ. ಅವನ ಸ್ವಭಾವದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನಲ್ಲಿ ಕೊಳ್ಳಲು ಬಂದವರಿಗೆ ನಲ್ಲಿ ತೋರಿಸುವ ಮೊದಲು ಭಾವನ ಕಥೆ ಹೇಳಿದ. "ನಮ್ಮ ಭಾವ ಅಂದ್ರೆ ಏನಂದ್ಕೊಂಡಿದ್ದೀರಿ? ಒಂದು ಅಂಗೈ ಇಟ್ರು, ಮಂತ್ರಿಗಳು ಸೋಪಲ್ಲಿ ಓಡಿದ್ರು! ಅಲ್ಲಿ ಪಾಸಾಗಿರೋದು ಏನೂ ಇಲ್ಲ. ನನಗೆ ತೋರಿಸೋಕೆ ಪಾಸ್ ಮಾಡಿಸಿದ್ದು!" ಕೇಳಿದವರಲ್ಲಿ ಪತ್ರಿಕೆಯವನೊಬ್ಬನಿದ್ದ. ಮರುದಿನ ಸುದ್ದಿ ಬಂತು.

ಭವನದಲ್ಲಿ ಬೆಂಕಿ ಬಿದ್ದಂತಾಯಿತು. ಎಂದೂ ಒಬ್ಬರ ಮುಖ ಒಬ್ಬರು ನೋಡದ ಎರಡೂ ಪಕ್ಷದವರು ಒಂದಾಗಿ, ಸದನದ ಘನತೆಗೆ ಕುಂದು ಬಂತೆಂದು ಕಣ್ಣೀರಿಟ್ಟರು. ತಾವು ಗೊತ್ತಿಲ್ಲದೆ ಮತ ಹಾಕಿದೆವು ಎಂದರೆ ಪರವಾಗಿ ನಿಂತವರಿಗೂ ಅವಮಾನ, ವಿರುದ್ಧ ಕೂತವರಿಗೂ ಅವಮಾನ. ವಿಚಾರಣಾ ಸಮಿತಿ ನೇಮಕವಾಯಿತು. ಸಮಿತಿಯ ಅಧ್ಯಕ್ಷರು ಅಂದು ಅರ್ಧ ಗಡ್ಡದಲ್ಲಿ ಓಡಿಬಂದಿದ್ದ ಮಾನ್ಯರೇ. ಸಾಹೇಬರು ಸಾಕ್ಷಿ ಹೇಳಬೇಕು, ಅದನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕು.

ಸಾಕ್ಷಿಯ ಹಿಂದಿನ ದಿನ ಭಾವಮೈದನ ಫೋನು ಬಂತು. "ಭಾವ, ಹೆದರ್ಬೇಡಿ. ಇದ್ದಿದ್ದು ಇದ್ದ ಹಾಗೆ ಹೇಳಿ. ಅಂಗಡಿ ಮುಂದೆ ಟಿವಿ ಇಡ್ಸಿದ್ದೀನಿ, ಬೀದಿ ಮಂದಿಯೆಲ್ಲ ಬರ್ತಾರೆ. ನಮ್ಮ ಮಾನ ನಿಮ್ಮ ಕೈಲಿದೆ!"

ಅದೇ ಸಂಜೆ ಎದುರು ಮನೆಯ ಮಾರ್ಷಲ್ ಬಂದು, ಬಾಗಿಲಲ್ಲೇ ನಿಂತು, ಒಳಗಿನ ಮಂಚವನ್ನು ತುಸು ಹೊತ್ತು ದಿಟ್ಟಿಸಿ ನೋಡಿದ. "ತೇಗದ್ದಾ? ಬಿಸಿಲು, ಮಳೆಗೆ ಹಾಳಾಗತ್ತೆ" ಎಂದಷ್ಟೇ ಹೇಳಿ ಹೋದ.

ಸಮಿತಿಯ ಮುಂದೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತರು.

"ಅಂದು ಕೆಂಪು ದೀಪ ಹತ್ತಿತ್ತೇ?" ಎಂದರು ಅಧ್ಯಕ್ಷರು, ಈಗ ಎರಡೂ ಕೆನ್ನೆ ನುಣ್ಣಗೆ ಬೋಳಿಸಿಕೊಂಡು.

ಸಾಹೇಬರ ಕಣ್ಣ ಮುಂದೆ ನಲ್ಲಿ ಅಂಗಡಿಯ ಟಿವಿ ಬಂತು, ಅದರ ಮುಂದೆ ಬಾಯಿ ತೆರೆದು ಕೂತ ಬೀದಿ ಬಂತು. ಮಾರ್ಷಲ್ ಮೂಲೆಯಲ್ಲಿ ಕೆಮ್ಮಿದ. ಬೀದಿ ಹೋಗಿ ಮಂಚ ಬಂತು.

"ಹತ್ತಿತ್ತು ಸ್ವಾಮಿ."

"ನಿಮ್ಮ ಭಾವಮೈದ ಬೇರೆ ಹೇಳುತ್ತಿದ್ದಾನಲ್ಲ?"

"ಅವನಿಗೆ ನಲ್ಲಿ ವಿಷಯ ಬಿಟ್ಟು ಬೇರೇನೂ ಗೊತ್ತಿಲ್ಲ ಸ್ವಾಮಿ."

"ಅಪ್ಪಣೆಯಿಲ್ಲದೆ ಗಂಟೆ ಒತ್ತುವ ಅಧಿಕಾರ ನಿಮಗುಂಟೇ?"

"ಇಲ್ಲ."

"ಧೈರ್ಯ?"

"ಇಲ್ಲ ಸ್ವಾಮಿ."

"ಯೋಚನೆಯಾದರೂ ಎಂದಾದರೂ ಬಂದದ್ದುಂಟೇ?"

"ನಾನಾಗಿ ಏನನ್ನೂ ಮಾಡಿದವನಲ್ಲ ಸ್ವಾಮಿ. ಯೋಚನೆಯನ್ನೂ ಕೂಡ."

"ಮೈಕಿನ ಹತ್ತಿರ ಬಂದು ಇನ್ನೊಮ್ಮೆ ಹೇಳಿ."

ಇನ್ನೊಮ್ಮೆ ಹೇಳಿದರು. ಸಮಿತಿ ಮೇಜು ಕುಟ್ಟಿ ಸಂತೋಷಪಟ್ಟಿತು. ಸದನದ ಘನತೆ ಎದ್ದು ಕೂತಿತು. ಪ್ರಸ್ತಾವ ಊರ್ಜಿತವಾಯಿತು. ಅದನ್ನು ಜಾರಿಗೆ ತರಲು ಹೊಸ ವಿಭಾಗ ತೆರೆದು, ಗಂಟೆ ಕೋಣೆಯ ಪಕ್ಕದ ಮುರಿದ ಕುರ್ಚಿಗಳ ಉಗ್ರಾಣವನ್ನು ಅದಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಈಗ ಒಬ್ಬ ನಿರ್ದೇಶಕ, ಅವನಿಗೆ ನೀರು ತುಂಬುವವನೊಬ್ಬ, ಚೆಲ್ಲುವವನೊಬ್ಬ ಇದ್ದಾರೆ. ಏನನ್ನು ಜಾರಿಗೆ ತರಬೇಕೆಂಬ ಆದೇಶಕ್ಕಾಗಿ ಕಾಯುತ್ತಿದ್ದಾರೆ.

ಸಾಹೇಬರಿಗೂ ಅನ್ಯಾಯವಾಗಲಿಲ್ಲ. ಸಭಾಧ್ಯಕ್ಷರೇ ಕರೆದು, ಫೋಟೋ ತೆಗೆಸಿಕೊಂಡು, ಮರದ ಚೌಕಟ್ಟಿನ ಹಿತ್ತಾಳೆ ಫಲಕವೊಂದನ್ನು ಕೊಟ್ಟರು. ಅದು ನಡುಮನೆಯ ಗೋಡೆಯೇರಿತು.

ಮುಂದಿನ ಸಲ ಭಾವಮೈದ ಬಂದಾಗ ಮನೆಯ ಕರೆಗಂಟೆ ಒಂದೇ ಸಮನೆ ಮೊಳಗಿತು. ಸಾಹೇಬರು ಓಡಿಹೋಗಿ ಬಾಗಿಲು ತೆಗೆದರೆ, ಆಸಾಮಿ ಅಂಗೈ ಪೂರಾ ಗುಂಡಿಯ ಮೇಲಿಟ್ಟು ನಿಂತಿದ್ದ.

"ಕ್ಷಮಿಸಿ ಭಾವ, ಯಾರ ಅಪ್ಪಣೆನೂ ತಗೊಳ್ದೆ ಒತ್ತಿಬಿಟ್ಟೆ. ನಾವು ಅಂಗಡಿ ಜನ ನೋಡಿ, ನಮಗೆ ದೀಪ ಗೀಪ ಇಲ್ಲ." ಒಳಗೆ ಬಂದವನೇ ಗೋಡೆಯ ಮುಂದೆ ನಿಂತು, ಅಂಗಡಿಯಲ್ಲಿ ಬೆಲೆ ಕೂಗುವ ದನಿಯಲ್ಲಿ ಓದಿದ. "'ಅಪ್ಪಣೆಯಿಲ್ಲದೆ ಏನನ್ನೂ ಮಾಡದ ನಿಷ್ಠಾವಂತ ನೌಕರರಿಗೆ.' ಅಬ್ಬಾ! ಅಕ್ಕ, ನಿನ್ನ ಗಂಡನಿಗೆ ಊಟ ಮಾಡೋಕೆ ಹೇಳಿದ್ಯಾ? ಹೇಳದಿದ್ರೆ ಮಾಡಲ್ಲ ಅವರು."

ಸಾಹೇಬರ ಬಾಯಿ ತನ್ನಷ್ಟಕ್ಕೆ ತೆರೆಯಿತು. ಲೋ, ಅವತ್ತು ಒತ್ತಿದ್ದು ನಾನೇ ಕಣೋ, ನೀನೇ ನೋಡಿದ್ದೆಯಲ್ಲೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತೆರೆದ ಬಾಗಿಲಿನಾಚೆ, ಎದುರು ಮನೆಯ ಹೊಸ್ತಿಲಲ್ಲಿ ಮಾರ್ಷಲ್ ಪತ್ರಿಕೆ ಹಿಡಿದು ಕೂತಿದ್ದ. ಪತ್ರಿಕೆ ಸ್ವಲ್ಪ ಕೆಳಗಿಳಿಯಿತು.

"ಹೌದು ಕಣಯ್ಯ" ಎಂದರು ಸಾಹೇಬರು. "ಹೇಳಿದ್ರೆ ಮಾತ್ರ."

ಪತ್ರಿಕೆ ಮೇಲೇರಿತು. ಭಾವಮೈದ ಹೊಟ್ಟೆ ಹಿಡಿದುಕೊಂಡು ನಗುತ್ತ ಕೈ ತೊಳೆಯಲು ಹೋದ. ಸಾಹೇಬರು ಮಾತು ಬದಲಿಸಲು ಗೋಡೆಯ ಕಡೆ ತಿರುಗಿ, ಬೆರಳಿನಿಂದ ಫಲಕವನ್ನು ಮುಟ್ಟಿ ನೋಡಿದರು.

"ಕಿಲುಬು ಹಿಡೀತಿದೆ ಕಣೇ. ಸ್ವಲ್ಪ ತಿಕ್ಕಿಕೊಡೇ."

ಹೆಂಡತಿ ತಟ್ಟೆಗಳನ್ನು ಇಡುತ್ತಿದ್ದವಳು ತಲೆಯೆತ್ತಿ ನೋಡಲಿಲ್ಲ. "ಅದರ ಪಾಡಿಗೆ ಇರ್ಲಿ ಬಿಡ್ರಿ" ಎಂದಳು. "ಓದೋಕೆ ಬರದ ಹಾಗೆ ಆಗ್ಲಿ."